ಬೆಟ್ಟಸ್ವಾಮಿಯ ಡ್ರಮ್ಮು

ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮೂಲೆಯ ನೀಲಿ ಡ್ರಮ್ಮಿನ ಧೂಳು ಒರೆಸೋಣವೆಂದು ಬೆಟ್ಟಸ್ವಾಮಿ ಕೈಯಿಟ್ಟನೋ ಇಲ್ಲವೋ, ಡ್ರಮ್ಮು ಗೇಣುದ್ದ ಆಚೆ ಜಾರಿತು. ತುಂಬಿದ ಡ್ರಮ್ಮು ಹಾಗೆಲ್ಲ ಜಾರುವ ಜಾತಿಯದಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ತಮಟೆಯ ಸದ್ದು ಬಂತು. ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ ತಳದಲ್ಲಿ ಒಂದು ಚೊಂಬಿನಷ್ಟು ಕರಿ ಎಣ್ಣೆ, ಅದರ ಮೇಲೆ ಅಂಗಾತ ಮಲಗಿದ ಒಂದು ಜಿರಲೆ. ಒಂದು ತಿಂಗಳಿಂದ ಗಾಡಿಗಳ ಇಂಜಿನ್ನಿನಿಂದ ಇಳಿಸಿ ಹನಿ ಚೆಲ್ಲದಂತೆ ಕೂಡಿಟ್ಟ ವೇಸ್ಟ್ ಆಯಿಲು ಪೂರ್ತಿ ಮಾಯವಾಗಿತ್ತು.

ಹೆಂಡತಿಯ ಒಡವೆ ಹೋಗಿದ್ದರೂ ಅವನು ಅಷ್ಟು ಬೆವರುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಉಷಾರಾಣಿ ಮೇಡಂ ಬರುವವರಿದ್ದರು. ಅವರು ಮುಖ್ಯವಾಗಿ ನೋಡುವುದೇ ಆ ಡ್ರಮ್ಮನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಲಿಗ್ರಾಮದಿಂದ ಚುಂಚನಕಟ್ಟೆಗೆ ಹೋಗುವ ರಸ್ತೆಯಲ್ಲಿ, ಊರೆಲ್ಲ ದೊಡ್ಡಮ್ಮ ಎಂದು ಕರೆಯುವ ಹೆಂಗಸಿನ ಮನೆಗೆ ಅಂಟಿಕೊಂಡಂತೆ ಬೆಟ್ಟಸ್ವಾಮಿಯ ಗ್ಯಾರೇಜು. ಬೈಕು, ಟಿಲ್ಲರು, ಅಪರೂಪಕ್ಕೆ ಒಂದು ಟ್ರ್ಯಾಕ್ಟರು. ಇಪ್ಪತ್ತೆರಡು ವರ್ಷದ ಹಿಂದೆ ಎಚ್.ಡಿ. ಕೋಟೆ ಕಡೆಯಿಂದ ಒಂದು ಪೆಟ್ಟಿಗೆ ಸ್ಪ್ಯಾನರು ಹಿಡಿದು ಬಂದ ಹುಡುಗನಿಗೆ ಊರಿನಲ್ಲಿ ಯಾರೂ ಜಾಗ ಕೊಡಲಿಲ್ಲ. ದೊಡ್ಡಮ್ಮ ಕೊಟ್ಟಳು. ಜಾಗ ಕೊಟ್ಟಿದ್ದಲ್ಲದೆ, ಅವನಿಗೆ ಮದುವೆಯಾಗುವವರೆಗೆ ಎರಡು ವರ್ಷ ಮಧ್ಯಾಹ್ನದ ಮುದ್ದೆಯನ್ನೂ ಹಿತ್ತಲ ಬಾಗಿಲಿನಿಂದ ಕೊಟ್ಟಳು.

ಅದಕ್ಕೆ ಬೆಟ್ಟಸ್ವಾಮಿ ಕೊಟ್ಟ ಪ್ರತಿಫಲ ಹೇಳಿದರೆ ನಾಚಿಕೆಯಾಗಬೇಕು. ಎಲ್ಲ ಗ್ಯಾರೇಜಿನವರಂತೆ ಅವನೂ ವೇಸ್ಟ್ ಆಯಿಲನ್ನು ಹಿತ್ತಲಿಗೆ ಸುರಿಯುತ್ತಿದ್ದ. ಅದೂ ದೊಡ್ಡಮ್ಮನ ತೆಂಗಿನ ಮರದ ಬುಡಕ್ಕೇ. ಎಣ್ಣೆ ಬಿದ್ದರೆ ಹುಳ ಹತ್ತುವುದಿಲ್ಲವೆಂದು ಯಾರೋ ಹೇಳಿದ್ದರು. ಹುಳ ಹತ್ತಲಿಲ್ಲ, ನಿಜ. ಮರವೇ ಸತ್ತ ಮೇಲೆ ಹುಳಕ್ಕೆ ಅಲ್ಲೇನು ಕೆಲಸ? ಸುಳಿ ಒಣಗಿ ಉದುರಿದ ದಿನ ದೊಡ್ಡಮ್ಮ ಒಂದು ಮಾತೂ ಆಡದೆ ಮರ ಕಡಿಸಿ ನೀರೊಲೆಗೆ ಹಾಕಿಸಿದಳು. ಬೈದಿದ್ದರೆ ಬೆಟ್ಟಸ್ವಾಮಿ ಅವತ್ತೇ ಮರೆತುಬಿಡುತ್ತಿದ್ದ. ಬೈಯಲಿಲ್ಲವಾದ್ದರಿಂದ ಆ ಮೋಟು ಕಂಡಾಗಲೆಲ್ಲ ಅವನಿಗೆ ಬೇರೆ ಕಡೆ ನೋಡುವ ಅಭ್ಯಾಸವಾಗಿತ್ತು.

ಆದರೆ ಕಳೆದ ಯುಗಾದಿಯ ಮಾರನೇ ದಿನ ದೊಡ್ಡಮ್ಮ ಬೈದಳು. ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ ತಂದು, ಬೀದಿಯವರೆಲ್ಲ ನೋಡುತ್ತಿರುವಂತೆ ಗ್ಯಾರೇಜಿನ ಮುಂದೆ ಕುಕ್ಕಿದಳು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಆಡುತ್ತಿತ್ತು. "ಕುಡಿ" ಅಂದಳು. ಬೆಟ್ಟಸ್ವಾಮಿ ಬೊಗಸೆಯಲ್ಲಿ ಎತ್ತಿ ಒಂದು ಗುಟುಕು ಕುಡಿದ. ಊರಿಗೆ ಬಾಯಾರಿ ಬಂದ ದಿನ ಇದೇ ಬಾವಿಯ ನೀರು ಕುಡಿದದ್ದು ಅವನಿಗೆ ನೆನಪಾಯಿತು.

ಅವಳು ಜಾಗ ಬಿಡು ಅಂದಳು. ಅವನು ಕಾಲು ಹಿಡಿದ. ಕೊನೆಗೆ ಒಂದು ಮಾತಿಗೆ ಬಂದರು. ಗ್ಯಾರೇಜುಗಳನ್ನು ಹೊಲಸು ಮಾಡದೆ ನಡೆಸುವುದು ಹೇಗೆಂದು ಕೆ.ಆರ್. ನಗರದಲ್ಲಿ ತರಬೇತಿ ಕೊಡುವ ಉಷಾರಾಣಿ ಮೇಡಂ ಎಂಬುವವರಿದ್ದರು. ಬೆಟ್ಟಸ್ವಾಮಿ ಅಲ್ಲಿಗೆ ಹೋಗಿ ಕಲಿಯಬೇಕು. ಆ ಮೇಡಮ್ಮೇ ಬಂದು ನೋಡಿ ಈ ಗ್ಯಾರೇಜು ಸರಿಯಾಗಿದೆ ಅಂದರೆ ಅವನು ಇರಬಹುದು. ಅನ್ನದಿದ್ದರೆ ದೀಪಾವಳಿಯೊಳಗೆ ಖಾಲಿ ಮಾಡಬೇಕು.

ಬೆಟ್ಟಸ್ವಾಮಿ ತರಬೇತಿಗೆ ಹೋದದ್ದು ಜಾಗ ಉಳಿಸಿಕೊಳ್ಳಲು. ಬಂದದ್ದು ಮಾತ್ರ ಬೇರೆ ಮನುಷ್ಯನಾಗಿ. ನೆಲಕ್ಕೆ ಸಿಮೆಂಟು ಹಾಕಿಸಿದ. ಗಾಡಿಯ ಕೆಳಗೆ ತಟ್ಟೆಯಿಟ್ಟೇ ನಟ್ಟು ಬಿಚ್ಚಿದ. ಒಂದು ತೊಟ್ಟು ಬಿದ್ದರೂ ಮರದ ಹೊಟ್ಟು ಉದುರಿಸಿ ಗುಡಿಸಿದ. ತಳದಲ್ಲಿ ನಲ್ಲಿಯಿರುವ ಒಂದು ಡ್ರಮ್ಮು ತಂದು, ಮುಚ್ಚಳಕ್ಕೆ ಲಾಳಿಕೆ ಕೂರಿಸಿ, ಇಳಿಸಿದ ಆಯಿಲನ್ನೆಲ್ಲ ಅದಕ್ಕೇ ಸುರಿದ. ತಿಂಗಳ ಆಯಿಲು ಅದರಲ್ಲಿರಬೇಕು, ಇಲ್ಲದಿದ್ದರೆ ಎಲ್ಲೋ ನೆಲಕ್ಕೆ ಹೋಯಿತೆಂದೇ ಲೆಕ್ಕ ಎಂದು ಮೇಡಂ ಹೇಳಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಕ್ಕದ ಟೀ ಅಂಗಡಿಯ ರಘು ಚರಂಡಿಗೆ ಟೀಪುಡಿಯ ಚರಟ ಸುರಿದರೂ ಹೋಗಿ ಬುದ್ಧಿ ಹೇಳತೊಡಗಿದ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಬಾಟಲಿ ಹಿಡಿದು ಬಂದವರಿಗೆ ವೇಸ್ಟ್ ಆಯಿಲು ಇಲ್ಲವೆಂದುಬಿಟ್ಟ. ಆ ಸೀಮೆಯಲ್ಲಿ ಗ್ಯಾರೇಜಿನ ವೇಸ್ಟ್ ಆಯಿಲೆಂದರೆ ಅರಳಿಮರದ ನೆರಳಿನ ಹಾಗೆ, ಯಾರು ಬೇಕಾದರೂ ಬರಬಹುದು. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಅದೇ, ಸೆಂಟ್ರಿಂಗ್ ಹಲಗೆಗೆ ಕಾಂಕ್ರೀಟು ಅಂಟದಂತೆ ಸವರಲು ಅದೇ, ಗಾಡಿಯ ಅಚ್ಚಿಗೂ ಅದೇ. ಇಪ್ಪತ್ತು ವರ್ಷ ಕೊಟ್ಟ ಕೈ ಇದ್ದಕ್ಕಿದ್ದಂತೆ ಹಿಂದೆ ಸರಿದಾಗ, ಬೆಟ್ಟಸ್ವಾಮಿಗೆ ಟ್ರೈನಿಂಗ್ ಮೆಟ್ಟಿಕೊಂಡಿದೆ, ಯಾರಾದರೂ ಬೇವಿನ ಸೊಪ್ಪು ತನ್ನಿ ಎಂದು ಜನ ಆಡಿಕೊಂಡರು.

ಇಷ್ಟೆಲ್ಲ ಆದರೂ ಬಾವಿಯ ನೀರಿನ ವಾಸನೆ ಮಾತ್ರ ಕಡಿಮೆಯಾಗಿರಲಿಲ್ಲ. ನೆಲಕ್ಕೆ ಇಂಗಿದ್ದು ತಿಳಿಯಾಗಲು ಕಾಲ ಬೇಕು ಎಂದು ಮೇಡಂ ಸಮಾಧಾನ ಹೇಳಿದ್ದರು.

ಈಗ ನೋಡಿದರೆ ಡ್ರಮ್ಮು ಖಾಲಿ. ಬೀಗ ಒಡೆದಿರಲಿಲ್ಲ. ಮುಂದಿನ ಬಾಗಿಲ ಬೀಗವೂ ನೆಟ್ಟಗಿತ್ತು, ಹಿತ್ತಲ ಬಾಗಿಲಿನದೂ ನೆಟ್ಟಗಿತ್ತು. ಹಿತ್ತಲ ಬೀಗಕ್ಕೆ ಎರಡು ಕೀಲಿಕೈ. ಒಂದು ಅವನ ಜೇಬಿನಲ್ಲಿತ್ತು, ಇನ್ನೊಂದನ್ನು ಯಾವ ಕಾಲದಲ್ಲಿ ಎಲ್ಲಿಟ್ಟನೋ ಅವನಿಗೇ ಮರೆತಿತ್ತು.

ಟೀ ಅಂಗಡಿಯ ರಘುವಿಗೆ ವಿಷಯ ಹೇಳಿದ್ದೇ ತಡ, ಅರ್ಧ ಗಂಟೆಯಲ್ಲಿ ಬೀದಿಗೆಲ್ಲ ತಿಳಿಯಿತು. ಒಬ್ಬ ಪೊಲೀಸ್ ಕಂಪ್ಲೇಂಟ್ ಕೊಡು ಅಂದ. ಇನ್ನೊಬ್ಬ ಕೊಳ್ಳೇಗಾಲಕ್ಕೆ ಹೋಗಿ ಅಂಜನ ಹಾಕಿಸಿ ನೋಡು ಅಂದ. ಇಪ್ಪತ್ತು ವರ್ಷ ತಾನೇ ಎಸೆಯುತ್ತಿದ್ದದ್ದನ್ನು ಈಗ ಕದ್ದರೆಂದು ಠಾಣೆಯಲ್ಲಿ ಹೇಳುವುದಾದರೂ ಹೇಗೆಂದು ಬೆಟ್ಟಸ್ವಾಮಿ ತಲೆ ಕೆರೆದುಕೊಂಡ. ಕೊನೆಗೆ ರಘುವೇ ದನಿ ತಗ್ಗಿಸಿ, ಚಾಮಯ್ಯನ ಹಲಗೆಗಳು ಮೊನ್ನೆಯಿಂದ ಮಿರಮಿರ ಮಿಂಚುತ್ತಿವೆ, ಒಂದು ಸಲ ನೋಡಿ ಬಾ ಅಂದ.

ಚಾಮಯ್ಯ ಸೆಂಟ್ರಿಂಗ್ ಕಂಟ್ರಾಕ್ಟರು. ಬಸ್ ಸ್ಟ್ಯಾಂಡಿನ ಹಿಂದೆ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಹಲಗೆಗಳನ್ನು ಸಾಲಾಗಿ ಒರಗಿಸಿದ್ದ. ಒಂದೊಂದೂ ಮದುಮಗನ ತಲೆಯ ಹಾಗೆ ಎಣ್ಣೆಯಲ್ಲಿ ಮಿಂದಿತ್ತು. ಬೆಟ್ಟಸ್ವಾಮಿ ಬಗ್ಗಿ ಮೂಸಿದ. ತನ್ನ ಆಯಿಲಿನ ವಾಸನೆ ತನಗೆ ತಿಳಿಯದೇ?

"ಕದ್ದಿಲ್ಲ ಕಣಪ್ಪ" ಅಂದ ಚಾಮಯ್ಯ. "ಕೇಳ್ದೆ, ಕೊಟ್ರು, ತಗಂಡೆ."

"ಯಾರು ಕೊಟ್ರು?"

"ಅದೊಂದ್ ಕೇಳ್ಬೇಡ. ಯೋಳ್ಬೇಡ ಅಂತ ಮಾತ್ ತಗಂಡವ್ರೆ. ನಿನ್ ಕಡೇವ್ರೇ ಅಂತ್ ತಿಳ್ಕೊ."

ತನ್ನ ಕಡೆಯವರೆಂದರೆ ಬೆಟ್ಟಸ್ವಾಮಿಗೆ ಇದ್ದದ್ದು ಹೆಂಡತಿ ಮಂಗಳಗೌರಿ ಒಬ್ಬಳೇ. ಮರೆತ ಕೀಲಿಕೈ ಅವಳ ಬಳಿಯೇ ಇರಬೇಕು. ಎಣ್ಣೆ ಮೆತ್ತಿದ ಅವನ ಬಟ್ಟೆ ಒಗೆದು ಸಾಕಾಗಿ, ಹಾಳಾದ್ದು ಹೋಗಲಿ ಎಂದು ಹಂಚಿರಬೇಕು. ಹೀಗೆ ಯೋಚಿಸಿ ರಸ್ತೆಯಲ್ಲೇ ನಿಂತು ಫೋನು ಮಾಡಿದ. ಮಾಡಬಾರದಿತ್ತು. ಮಂಗಳಗೌರಿ ಮೊದಲು ಅಳಲಿಲ್ಲ, ಬೈಯಲಿಲ್ಲ. ಇಪ್ಪತ್ತು ವರ್ಷದಿಂದ ಒಗೆದ ಶರಟುಗಳನ್ನು ಒಂದೊಂದಾಗಿ ನೆನಪಿಸಿದಳು. ಆಮೇಲೆ ಅತ್ತಳು, ಆಮೇಲೆ ಬೈದಳು. ಕೊನೆಗೆ ಮಧ್ಯಾಹ್ನದ ಊಟವನ್ನು ಆ ಡ್ರಮ್ಮೇ ಬಡಿಸಲಿ ಎಂದು ಫೋನಿಟ್ಟಳು. ಅವಳು ಕೊಟ್ಟಿಲ್ಲವೆನ್ನುವುದು ಅವನಿಗೆ ಆಗಲೇ ಖಾತ್ರಿಯಾಯಿತು. ಆದರೆ ಊಟ ಹೋಗಿತ್ತು.

ಹಸಿದ ಹೊಟ್ಟೆಯಲ್ಲೇ ಚುಂಚನಕಟ್ಟೆ ರಸ್ತೆಯ ಮಂಚಯ್ಯನ ಗದ್ದೆಗೆ ಬೈಕು ಓಡಿಸಿದ. ಮಂಚಯ್ಯ ಎಪ್ಪತ್ತು ದಾಟಿದ ಮುದುಕ. ವೇಸ್ಟ್ ಆಯಿಲು ಇಲ್ಲವೆಂದಾಗ ಅತಿ ಹೆಚ್ಚು ಮುನಿಸಿಕೊಂಡವನು. ಅವನ ಬೇಲಿಯ ಗೂಟಗಳೆಲ್ಲ ಮಂಡಿಯವರೆಗೆ ಕಪ್ಪು ಕಾಲುಚೀಲ ತೊಟ್ಟು ನಿಂತಿದ್ದವು. ಅವನೂ ಅದೇ ಮಾತು ಹೇಳಿದ: ಕೇಳಿದೆ, ಕೊಟ್ಟರು. ಯಾರೆಂದು ಮಾತ್ರ ಬಾಯಿ ಬಿಡಲಿಲ್ಲ. ಬೆಟ್ಟಸ್ವಾಮಿಯ ಮುಖ ನೋಡಿ ಕನಿಕರ ಬಂದು, ಕ್ಯಾನಿನಲ್ಲಿ ಉಳಿದಿದ್ದ ಎರಡು ಲೀಟರು ವಾಪಸು ಕೊಟ್ಟ. ಜೊತೆಗೆ ಒಂದು ಮುದ್ದೆ ಉಂಡು ಹೋಗು ಅಂದ. ಟೈಮಿಲ್ಲವೆಂದು ಬೆಟ್ಟಸ್ವಾಮಿ ಅದನ್ನೂ ಬಿಟ್ಟು ಬಂದ.

ಮೂರು ಗಂಟೆಗೆ ಗ್ಯಾರೇಜಿಗೆ ಮರಳಿದಾಗ ರಘು ಒಂದು ಉಪಾಯ ಹುಡುಕಿಟ್ಟು ಕಾಯುತ್ತಿದ್ದ. ಎಣ್ಣೆ ನೀರಿನ ಮೇಲೆ ತೇಲುತ್ತದೆ. ಡ್ರಮ್ಮಿಗೆ ಮುಕ್ಕಾಲು ನೀರು ತುಂಬು, ಮೇಲೆ ಮಂಚಯ್ಯನ ಎರಡು ಲೀಟರು ಬಿಡು. ಮೇಡಂ ಮುಚ್ಚಳ ತೆಗೆದು ನೋಡಿದರೆ ಕರಿ ಎಣ್ಣೆಯೇ ಕಾಣುತ್ತದೆ.

"ಅವ್ರೇನ್ ಅದ್ರಲ್ಲಿ ಮುಳುಗ್ತಾರಾ?" ಅಂದ.

ಬೆಟ್ಟಸ್ವಾಮಿಗೆ ಮನಸ್ಸಿರಲಿಲ್ಲ. ಆರು ತಿಂಗಳು ನಿಯತ್ತಿನಿಂದ ಮಾಡಿದ ಕೆಲಸವನ್ನು ಕೊನೆಯ ಒಂದು ಗಂಟೆಯಲ್ಲಿ ನೀರು ಬೆರೆಸಿ ಕೆಡಿಸುವುದೇ ಎಂದು ಸಂಕಟವಾಯಿತು. ಆದರೆ ಗಡಿಯಾರ ನೋಡಿದ, ಗೋಡೆಗೆ ಸಾಲಾಗಿ ನೇತುಹಾಕಿದ್ದ ಸ್ಪ್ಯಾನರುಗಳನ್ನು ನೋಡಿದ, ಇವನ್ನೆಲ್ಲ ಮತ್ತೆ ಪೆಟ್ಟಿಗೆಗೆ ತುಂಬಿಕೊಂಡು ಈ ವಯಸ್ಸಿನಲ್ಲಿ ಯಾವ ಊರಿಗೆ ಹೋಗಲಿ ಅನ್ನಿಸಿತು. ಬೀದಿಯ ನಲ್ಲಿಗೆ ಸಂಜೆಯವರೆಗೆ ನೀರಿಲ್ಲ. ಬಿಂದಿಗೆ ಹಿಡಿದು ಹಿತ್ತಲ ಬಾಗಿಲಿನಿಂದ ದೊಡ್ಡಮ್ಮನ ಬಾವಿಗೆ ಹೋದ. ದೊಡ್ಡಮ್ಮ ಒಳಗೆ ಮಲಗಿದ್ದಳು.

ಹಗ್ಗ ಇಳಿಬಿಟ್ಟ. ಬಿಂದಿಗೆ ಮುಳುಗಿತು. ಎಳೆದ. ರಾಟೆ ಸದ್ದೇ ಮಾಡದೆ ತಿರುಗಿತು. ಅಷ್ಟು ಹಳೆಯ ಕಬ್ಬಿಣದ ರಾಟೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುವುದು ನೋಡಿ, ಮೆಕ್ಯಾನಿಕ್ಕಲ್ಲವೇ, ಅವನ ಕಣ್ಣು ತಾನಾಗಿ ಮೇಲೆ ಹೋಯಿತು. ರಾಟೆಯ ಅಚ್ಚಿನಿಂದ ಕರಿ ಎಣ್ಣೆ ಇಳಿದು, ತುದಿಯಲ್ಲಿ ಒಂದು ಹನಿ ದಪ್ಪಗಾಗುತ್ತಿತ್ತು. ಅವನು ನೋಡುತ್ತಿರುವಂತೆಯೇ ಅದು ಕಳಚಿ ಬಾವಿಗೆ ಬಿತ್ತು. ಕೆಳಗೆ ನೀರಿನ ಮೇಲೆ ಬಣ್ಣದ ಬಳೆ ಅರಳಿ ಅಗಲವಾಯಿತು. ಅಷ್ಟರಲ್ಲಿ ಇನ್ನೊಂದು ಹನಿ ತಯಾರಾಗುತ್ತಿತ್ತು.

ಬಾವಿಕಟ್ಟೆಯ ಮೇಲೆ ಒಂದು ಕ್ಯಾನು ಇತ್ತು. ಅವನ ಗ್ಯಾರೇಜಿನದೇ. ಪಕ್ಕದ ಮೊಳೆಯಲ್ಲಿ ಒಂದು ಕೀಲಿಕೈ ನೇತಾಡುತ್ತಿತ್ತು. ಅದೂ ಅವನ ಹಿತ್ತಲ ಬಾಗಿಲಿನದೇ. ಮಳೆಗಾಲದಲ್ಲಿ ಏನಾದರೂ ಆದರೆ ಇರಲೆಂದು ತಾನೇ ದೊಡ್ಡಮ್ಮನ ಕೈಗೆ ಕೊಟ್ಟದ್ದು ಈಗ ನೆನಪಾಯಿತು. ಬೀದಿಯವರೆಲ್ಲ ಬಾಟಲಿ ಹಿಡಿದು ಅವಳ ಬಳಿ ಹೋಗಿದ್ದಾರೆ. ವೇಸ್ಟು ತಾನೇ, ಅದಕ್ಕೂ ಜಿಪುಣತನವೇ ಎಂದು ಅವಳು ಅವನಿಲ್ಲದಾಗ ಹಿತ್ತಲ ಬಾಗಿಲು ತೆಗೆದು ನಲ್ಲಿ ತಿರುಗಿಸಿ ಕೊಟ್ಟಿದ್ದಾಳೆ. ಪಾಪ ಟ್ರೈನಿಂಗ್ ಮೆಟ್ಟಿಕೊಂಡ ಹುಡುಗ ನೊಂದುಕೊಳ್ಳುತ್ತಾನೆ, ಅವನಿಗೆ ಹೇಳಬೇಡಿ ಎಂದೂ ಅಂದಿರಬೇಕು. ತನ್ನ ರಾಟೆಗೆ ವಾರವಾರವೂ ಧಾರಾಳವಾಗಿ ಬಿಟ್ಟುಕೊಂಡಿದ್ದಾಳೆ.

ಬೆಟ್ಟಸ್ವಾಮಿಗೆ ಕುಣಿಯಬೇಕೆನ್ನಿಸಿತು. ಬಾವಿ ಕೆಡಿಸಿದ್ದು ಗ್ಯಾರೇಜಲ್ಲ. ಮೇಡಮ್ಮನ್ನು ಇಲ್ಲಿಗೆ ಕರೆತಂದು ಈ ಹನಿ ತೋರಿಸಿದರೆ ಮುಗಿಯಿತು, ಜಾಗ ಉಳಿಯಿತು. ಬಿಂದಿಗೆಯ ನೀರನ್ನು ಅಲ್ಲೇ ಬಿಟ್ಟು ಗ್ಯಾರೇಜಿನ ಕಡೆ ತಿರುಗಿದ.

ತಿರುಗಿದವನಿಗೆ ಇನ್ನೊಂದು ನೆನಪು ಬಂತು. ಬರಬಾರದಿತ್ತು. ಊರಿಗೆ ಬಂದ ಮೊದಲ ವಾರ, ದೊಡ್ಡಮ್ಮ ನೀರು ಸೇದುವಾಗ ಆ ರಾಟೆ ಕಿರ್ರೆಂದು ಕೂಗುತ್ತಿತ್ತು. ಉಂಡ ಮುದ್ದೆಯ ಋಣಕ್ಕೆ ಏನಾದರೂ ಮಾಡಬೇಕೆಂದು, ಒಂದು ಕ್ಯಾನು ವೇಸ್ಟ್ ಆಯಿಲು ತಂದು ರಾಟೆಗೆ ಬಿಟ್ಟವನು ಅವನೇ. ಸದ್ದು ನಿಂತಾಗ ಅವಳು ನಕ್ಕಿದ್ದಳು. ವಾರಕ್ಕೊಂದು ಸಲ ಹೀಗೆ ಬಿಡಿ, ಸಾಯುವವರೆಗೂ ಕಿರುಗುಟ್ಟುವುದಿಲ್ಲ ಎಂದು ಹೇಳಿಕೊಟ್ಟವನೂ ಅವನೇ. ಅವಳು ಇಪ್ಪತ್ತೆರಡು ವರ್ಷ ಅವನ ಮಾತು ತಪ್ಪದೆ ನಡೆಸಿಕೊಂಡು ಬಂದಿದ್ದಳು.

ನಾಲ್ಕಕ್ಕೆ ಸರಿಯಾಗಿ ಉಷಾರಾಣಿ ಮೇಡಂ ಸ್ಕೂಟರಿನಲ್ಲಿ ಬಂದರು. ಬೀದಿಯವರು ಹೇಳಿಕಳಿಸಿದಂತೆ ನೆರೆದಿದ್ದರು. ಚಾಮಯ್ಯನೂ ಬಂದಿದ್ದ. ದೊಡ್ಡಮ್ಮ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ತೀರ್ಪು ಕೇಳಲು ಬಂದವಳ ಗತ್ತಿನಲ್ಲಿ ಜಗಲಿಯ ಮೇಲೆ ಕೂತಿದ್ದಳು. ಮೇಡಂ ನೆಲ ನೋಡಿದರು, ತಟ್ಟೆ ನೋಡಿದರು, ಹೊಟ್ಟಿನ ಡಬ್ಬ, ಚಿಂದಿಯ ಡಬ್ಬ ಎಲ್ಲ ನೋಡಿದರು. ಮೈಸೂರಿನಲ್ಲೂ ಇಷ್ಟು ಅಚ್ಚುಕಟ್ಟಾದ ಗ್ಯಾರೇಜು ನೋಡಿಲ್ಲವೆಂದರು. ಆಮೇಲೆ ಡ್ರಮ್ಮಿನ ಮುಚ್ಚಳ ತೆಗೆದರು.

"ಎಲ್ಲಿ ಹೋಯ್ತು, ಬೆಟ್ಟಸ್ವಾಮಿಯವರೇ?"

ಚಾಮಯ್ಯ ತನ್ನ ಉಗುರು ನೋಡಿಕೊಂಡ. ಬೆಟ್ಟಸ್ವಾಮಿ ದೊಡ್ಡಮ್ಮನ ಕಡೆ ನೋಡಿದ. ಅವಳ ಮುಖದಲ್ಲಿ ಕಳವಳವೇನೂ ಇರಲಿಲ್ಲ. ಅವನಿಗೇ ಅವಳ ಪರವಾಗಿ ಭಯವಾಯಿತು. ಇಷ್ಟು ಜನರ ಮುಂದೆ, ನಿನ್ನ ಬಾವಿ ನೀನೇ ಕೆಡಿಸಿಕೊಂಡೆ ಅಂತ ಹೇಗೆ ಹೇಳುವುದು? ಅವಳು ತೆಂಗಿನ ಮರ ಸತ್ತಾಗ ಒಂದು ಮಾತೂ ಆಡಿರಲಿಲ್ಲ.

"ನಾನೇ ಅವ್ರಿಗ್ ಇವ್ರಿಗ್ ಕೊಟ್ಬುಟ್ಟೆ ಮೇಡಂ" ಅಂದ. ತಡೆದು, "ಬಾವಿ ರಾಟೆಗೂ ಬುಡೋದ್ ನಾನೇ. ಇವತ್ ನೋಡ್ದೆ, ಅದೇ ನೀರಿಗ್ ತೊಟ್ಟಿಕ್ಕೋದು. ತಪ್ಪು ನಂದೇಯ" ಅಂದ.

ಪೂರಾ ಸುಳ್ಳೂ ಅಲ್ಲವಲ್ಲ, ಎಂದು ಮನಸ್ಸಿಗೆ ಹೇಳಿಕೊಂಡ. ದೊಡ್ಡಮ್ಮ ಈಗ ಎದ್ದು ಬರುತ್ತಾಳೆ, ಹೋಗಲಿ ಬಿಡಿ ಮೇಡಂ, ಅವನು ಇಲ್ಲೇ ಇರಲಿ ಅನ್ನುತ್ತಾಳೆ ಎಂದು ಒಳಗೊಳಗೇ ಕಾದ. ದೊಡ್ಡಮ್ಮ ಎದ್ದೇನೋ ಬಂದಳು.

"ಕೇಳುದ್ರಾ ಎಲ್ರೂ" ಅಂದಳು. "ನಾನ್ ಯುಗಾದಿಯಿಂದ ಇದ್ನೇ ಬಡ್ಕತಿವ್ನಿ. ಇವನ್ದೇ ಕೆಲ್ಸ ಅಂದ್ರೆ ಯಾರೂ ನಂಬ್ನಿಲ್ಲ."

ಬೆಟ್ಟಸ್ವಾಮಿ ಅವಳ ಕಣ್ಣುಗಳನ್ನೇ ನೋಡಿದ. ನಾಟಕ ಎಲ್ಲೂ ಇರಲಿಲ್ಲ. ಬಾವಿ ಕೆಡಿಸಿದ್ದು ಅವನೇ ಎಂದು ಅವಳು ಪೂರ್ತಿ ನಂಬಿದ್ದಳು. ತಾನು ಡ್ರಮ್ಮಿನಿಂದ ಹಂಚಿದ್ದು ಅವಳ ಲೆಕ್ಕದಲ್ಲಿ ನಾಲ್ಕು ಜನಕ್ಕೆ ಮಾಡಿದ ಉಪಕಾರ, ವಾರವಾರ ಕ್ಯಾನು ಬಗ್ಗಿಸಿದ್ದು ರಾಟೆಗೆ ಎಣ್ಣೆ ಬಿಟ್ಟದ್ದು. ಬಾವಿ ಕೆಟ್ಟದ್ದು ಬೆಟ್ಟಸ್ವಾಮಿಯಿಂದ. ಎರಡಕ್ಕೂ ನಂಟಿದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಉಷಾರಾಣಿ ಮೇಡಂ ಬಹಳ ಬೇಜಾರು ಮಾಡಿಕೊಂಡರು. ಇಷ್ಟೆಲ್ಲ ಮಾಡಿ ಇದೊಂದು ಯಾಕೆ ಹೀಗೆ ಮಾಡಿದಿರಿ ಎಂದು ಎರಡು ಸಲ ಕೇಳಿದರು. ಅವನು ನೆಲ ನೋಡಿದ. ನೆಲ ತುಂಬ ಚೊಕ್ಕವಾಗಿತ್ತು. ಮೇಡಂ ಕಾಗದದ ಮೇಲೆ 'ಇನ್ನೂ ತೃಪ್ತಿಕರವಾಗಿಲ್ಲ' ಎಂದು ಬರೆದು, ಹಿತ್ತಲಿಗೆ ಹೋಗಿ ತಾವೇ ನಿಂತು ರಾಟೆಯನ್ನು ಬಟ್ಟೆಯಿಂದ ಒರೆಸಿಸಿದರು. ನಾಲ್ಕಾರು ತಿಂಗಳಲ್ಲಿ ನೀರು ತಿಳಿಯಾದೀತು ಎಂದು ದೊಡ್ಡಮ್ಮನಿಗೆ ಧೈರ್ಯ ಹೇಳಿ ಹೊರಟರು. ಆಗುತ್ತದೆ, ಬೆಟ್ಟಸ್ವಾಮಿಗೂ ಗೊತ್ತಿತ್ತು. ಅಷ್ಟು ಹೊತ್ತಿಗೆ ಅವನು ಇಲ್ಲಿರುವುದಿಲ್ಲ. ಅವನು ತೊಲಗಿದ್ದಕ್ಕೇ ಬಾವಿ ತಿಳಿಯಾಯಿತೆಂದು ಊರು ಹೇಳುತ್ತದೆ.

ಜನ ಕರಗಿದರು. ರಘು ಒಂದು ಟೀ ತಂದಿಟ್ಟು, ನೀರು ಬೆರೆಸಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಹೇಳಿ ಹೋದ. ಬೆಟ್ಟಸ್ವಾಮಿ ಗೋಡೆಯ ಸ್ಪ್ಯಾನರುಗಳನ್ನು ಒಂದೊಂದಾಗಿ ಇಳಿಸಿ ಒರೆಸುತ್ತ ಕೂತ.

ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಬಳೆ ಸದ್ದಾಯಿತು. ದೊಡ್ಡಮ್ಮ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಇಪ್ಪತ್ತು ವರ್ಷದ ಮೇಲೆ ಆ ಬಾಗಿಲಿನಿಂದ ಮುದ್ದೆ ಬಂದಿತ್ತು.

"ಮಧ್ಯಾನ್ವೂ ಉಣ್ನಿಲ್ವಂತೆ. ರಘು ಯೋಳ್ದ. ಉಣ್ಣು" ಅಂದಳು. ಅವನ ಪಕ್ಕ ತಟ್ಟೆಯಿಟ್ಟಳು. "ಮಾತು ಮಾತೇ ಕಣಪ್ಪ, ದೀಪಾವಳಿಗೆ ಜಾಗ ಬುಡ್ಲೇಬೇಕು. ನಂಗೂ ಒಟ್ಟೆ ಉರೀತದೆ, ಏನ್ ಮಾಡ್ಲಿ, ನಿನ್ ಬುದ್ಧಿ ಇಂಗಾಯ್ತಲ್ಲ."

ಬೆಟ್ಟಸ್ವಾಮಿ ತಲೆಯಾಡಿಸಿದ. ಮುದ್ದೆ ಮುರಿದು ಬಾಯಿಗಿಟ್ಟ. ಅದೇ ಕೈಯ ರುಚಿ.

ದೊಡ್ಡಮ್ಮ ಬಾಗಿಲವರೆಗೆ ಹೋಗಿ ತಿರುಗಿದಳು.

"ಆ ಮೇಡಮ್ಮು ಒರ್ಸಿಸಿದ್ದೇ ಒರ್ಸಿಸಿದ್ದು, ರಾಟೆ ಕಿರುಗುಡ್ತಾ ಅದೆ. ಓಗೋಕ್ ಮುಂಚೆ ಒಂಚೂರ್ ವೇಸ್ಟ್ ಆಯಿಲು ಬುಟ್ಬುಟ್ ಓಗು. ನೀನ್ ಬುಟ್ರೇ ಅದು ಸರಿಯಾಗ್ ತಿರ್ಗೋದು."

ಬೆಟ್ಟಸ್ವಾಮಿ ಊಟ ಮುಗಿಸಿ, ಕೈ ತೊಳೆದು, ತೊಟ್ಟಿಕ್ಕದ ಗ್ರೀಸಿನ ಡಬ್ಬ ಹುಡುಕಲು ಎದ್ದ.